ಉತ್ತರದ ನಡುಗಡ್ಡೆಗಳಿಗೆ ಬೈಕ್ ಪ್ರವಾಸ: ಹೊಳೆಯಿಂದ ಆರಂಭವಾಗಬೇಕಾದ ಯೋಜನೆ

ಸಂಡೂರು ತಾಲ್ಲೂಕಿನ ಯಶವಂತನಗರದಿಂದ ಬೈಕಿನಲ್ಲಿ ಉತ್ತರಕ್ಕೆ ಹೊರಡುವವರು ನಡುಗಡ್ಡೆಗಳನ್ನು ಕಾಣಲು ಕಡಲಿನ ತನಕ ಹೋಗಬೇಕಾಗಿಲ್ಲ. ಹೊಸಪೇಟೆ ದಾಟುತ್ತಿದ್ದಂತೆಯೇ ತುಂಗಭದ್ರೆಯ ಹರಿವಿನಲ್ಲಿ ವಿರೂಪಾಪುರಗಡ್ಡೆಯೂ ಆನೆಗೊಂದಿಯ ಬಳಿಯ ನವಬೃಂದಾವನವೂ ಸಿಗುತ್ತವೆ, ಅಲ್ಲಿಂದ ಮುಂದೆ ಎರಡು ನದಿಗಳ ನಡುವಿನ ಬಯಲನ್ನು, ಅಂದರೆ ಹಿಂದೆ ಎಡೆದೊರೆ ನಾಡೆಂದು ಹೆಸರಾದ ಸೀಮೆಯನ್ನು, ಅಡ್ಡಹಾಯ್ದರೆ ಕೃಷ್ಣೆಯ ಒಡಲಲ್ಲಿ ಜಲದುರ್ಗ, ಶೀಲಹಳ್ಳಿಯ ಆಚೆಯ ಗಡ್ಡಿಗಳು ಮತ್ತು ರಾಯಚೂರಿನ ಬಳಿಯ ಕುರುವಪುರ ಎದುರಾಗುತ್ತವೆ. ಈ ದಾರಿಯನ್ನು ಬೇರೆ ಬೇರೆ ಕಾಲಗಳಲ್ಲಿ ಸವೆಸಿದ ಪ್ರಸ್ತುತ ಲೇಖಕನ ಅನುಭವ ಒಂದೇ ಮಾತಿನತ್ತ ಬೆರಳು ಮಾಡುತ್ತದೆ: ನಡುಗಡ್ಡೆಯ ಪ್ರವಾಸದ ದಿನವನ್ನು ಗೊತ್ತುಮಾಡುವುದು ಸವಾರನ ರಜೆಯಲ್ಲ, ಮೇಲಿನ ಅಣೆಕಟ್ಟಿನ ಬಾಗಿಲು; ದಾರಿ, ವಸತಿ, ಪೆಟ್ರೋಲು, ಸಾಮಾನು ಇವೆಲ್ಲ ಆ ನಂತರದ ವಿಚಾರಗಳು.

ಇದನ್ನು ವಿವರಿಸಲು ಎರಡು ಅಳತೆಗಳ ಪರಿಚಯ ಬೇಕಾಗುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಅಡಿಯಷ್ಟು, ಅಂದರೆ ಸುಮಾರು 28 ಲೀಟರು ನೀರು ಹರಿದರೆ ಅದನ್ನು ಒಂದು ಕ್ಯೂಸೆಕ್ ಎನ್ನುತ್ತಾರೆ. ನೂರು ಕೋಟಿ ಘನ ಅಡಿ ಸಂಗ್ರಹಕ್ಕೆ ಒಂದು ಟಿಎಂಸಿ ಎಂದು ಹೆಸರು. ದಿನವಿಡೀ ಒಂದು ಲಕ್ಷ ಕ್ಯೂಸೆಕ್ ಹರಿದರೆ ಎಂಟೂವರೆ ಟಿಎಂಸಿಗೂ ತುಸು ಹೆಚ್ಚು ನೀರು ಕೆಳಗಿಳಿದಂತಾಗುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಕಟ್ಟಿದ ಕಾಲದಲ್ಲಿ 133 ಟಿಎಂಸಿಯಷ್ಟಿದ್ದುದು ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿರುವುದರಿಂದ, ಮಲೆನಾಡಿನಲ್ಲಿ ಮಳೆ ಬಿರುಸಾದ ವರ್ಷಗಳಲ್ಲಿ ಅದು ಬೇಗ ತುಂಬಿ, 33 ಕ್ರಸ್ಟ್‌ಗೇಟುಗಳಲ್ಲಿ ಹಲವನ್ನು ಒಮ್ಮೆಗೇ ಎತ್ತಬೇಕಾಗುತ್ತದೆ. ಬಿಡುಗಡೆ ಒಂದು ಲಕ್ಷ ಕ್ಯೂಸೆಕ್ ಮುಟ್ಟಿದಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಹಳೆಯ ಸೇತುವೆಯ ಮೇಲೆ ನೀರು ಬರುವುದನ್ನು ಈ ಸೀಮೆಯ ಮಕ್ಕಳೂ ಬಲ್ಲರು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಒಂದೇ ಗೇಟಿನ ಮೇಲೆ ಭಾರ ಬೀಳದಿರಲೆಂದು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಅಂದರೆ ಮಳೆಯ ಮುನ್ಸೂಚನೆಯಲ್ಲಿ ಸುಳಿವೇ ಇರದ ಕಾರಣದಿಂದಲೂ ಹೊಳೆ ಏರಬಹುದು.

ಕೃಷ್ಣೆಯ ಲೆಕ್ಕ ಇದಕ್ಕಿಂತಲೂ ದೂರದ್ದು. ಮಹಾಬಲೇಶ್ವರ ಮತ್ತು ಕೊಯ್ನಾ ಕಣಿವೆಯಲ್ಲಿ ಸುರಿದ ಮಳೆ ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಇಳಿದು, ಅಲ್ಲಿಯ ಗೇಟುಗಳಿಂದ ಲಿಂಗಸುಗೂರು ತಾಲ್ಲೂಕಿನ ಗಡ್ಡಿಗಳತ್ತ ನುಗ್ಗುವ ಹೊತ್ತಿಗೆ ರಾಯಚೂರು ಜಿಲ್ಲೆಯ ಆಕಾಶದಲ್ಲಿ ಒಂದು ಮೋಡವೂ ಇರದಿರಬಹುದು, ಹೊಲದಲ್ಲಿ ಮಣ್ಣು ಬಿರುಕುಬಿಟ್ಟಿರಬಹುದು. ಬಿಸಿಲಿನ ದಿನವೇ ಮಹಾಪೂರದ ದಿನವೂ ಆಗಬಲ್ಲ ಈ ಸಂಗತಿ ಹೊರಗಿನ ಸವಾರನನ್ನು ದಾರಿ ತಪ್ಪಿಸುವಷ್ಟು ಬೇರೆ ಯಾವುದೂ ತಪ್ಪಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಐದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಹರಿದಾಗ ಶೀಲಹಳ್ಳಿಯ ತಗ್ಗು ಸೇತುವೆಯಷ್ಟೇ ಅಲ್ಲ, ಅದಕ್ಕಿಂತ ಎತ್ತರದಲ್ಲಿರುವ ಜಲದುರ್ಗದ ಸೇತುವೆಯೂ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೂ ಮುಳುಗಿದವು. ಅದಕ್ಕೂ ಕಡಿಮೆ ನೀರಿನಲ್ಲಿ, ಒಂದೂವರೆ ಲಕ್ಷ ಕ್ಯೂಸೆಕ್‌ನ ಆಸುಪಾಸಿನಲ್ಲಿಯೇ, ಶೀಲಹಳ್ಳಿಯ ದಾರಿ ಮುಚ್ಚಿಹೋಗುತ್ತದೆ. ಆಗ ಆಚೆಯ ಊರುಗಳ ಜನ ಸಂತೆಗೆ, ಆಸ್ಪತ್ರೆಗೆ, ಶಾಲೆಗೆ ದೂರದ ಸುತ್ತುದಾರಿಯನ್ನೇ ಹಿಡಿಯಬೇಕಾಗುತ್ತದೆ.

ದೂರದ ಉತ್ತರದ ಕಡಲ ದ್ವೀಪಗಳೊಡನೆ ಹೋಲಿಸಿದಾಗ ಈ ಕಷ್ಟದ ಸ್ವರೂಪ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ಕಡಲಿನ ಉಬ್ಬರದಲ್ಲಿ ದಿನಕ್ಕೆರಡು ಸಲ ಮುಳುಗುತ್ತದೆ, ಆದರೆ ಉಬ್ಬರವಿಳಿತ ಚಂದ್ರಸೂರ್ಯರ ಗತಿಗೆ ಬದ್ಧವಾದುದರಿಂದ ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ದಾರಿ ತೆರೆದಿರುತ್ತದೆಂಬುದನ್ನು ಬಹಳ ಮೊದಲೇ ಅಚ್ಚುಹಾಕಿ ಕೊಡಬಹುದು, ಬೈಕಿನವರು ಅದನ್ನು ನೋಡಿಕೊಂಡೇ ಹೊರಡುತ್ತಾರೆ. ಕೃಷ್ಣೆಗೆ ಅಂಥ ಪಂಚಾಂಗವಿಲ್ಲ. ಇಲ್ಲಿರುವುದು ಅಂದಂದಿನ ಒಳಹರಿವು ಹೊರಹರಿವಿನ ಅಂಕಿಗಳು ಮಾತ್ರ; ಜಿಲ್ಲಾಡಳಿತದ ಪ್ರಕಟಣೆಗಳಲ್ಲಿಯೂ ಕಲ್ಯಾಣ ಕರ್ನಾಟಕದ ಪತ್ರಿಕೆಗಳಲ್ಲಿಯೂ ಬರುವ ಆ ಅಂಕಿಗಳನ್ನು ಹೊರಡುವ ಹಿಂದಿನ ಸಂಜೆ, ಹೊರಡುವ ಬೆಳಿಗ್ಗೆ ಮತ್ತು ನದಿ ತಲುಪುವ ಮುನ್ನ ನೋಡುವುದು ಪ್ರಸ್ತುತ ಲೇಖಕನ ಮಟ್ಟಿಗೆ ಎಣ್ಣೆ ಗಾಳಿ ನೋಡುವಷ್ಟೇ ನಿತ್ಯದ ಕೆಲಸವಾಗಿದೆ. ಒಳಹರಿವು ಏರುತ್ತಿದ್ದು ಹೊರಹರಿವು ಇನ್ನೂ ಕಡಿಮೆಯಿದ್ದರೆ ಅದು ನೆಮ್ಮದಿಯ ಸೂಚನೆಯಲ್ಲ: ಜಲಾಶಯ ತುಂಬಿದ ಮರುಗಳಿಗೆಯೇ ಬಂದಷ್ಟು ನೀರನ್ನೂ ಕೆಳಗೆ ಬಿಡಬೇಕಾಗುತ್ತದೆ.

ಹೀಗಾಗಿ ಕಾಲದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಹೋಗುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಡ್ಡಿಗಳ ಮಾತೇ ಬೇಡ. ಅಕ್ಟೋಬರ್ ನೋಡಲು ಹಸಿರಾಗಿದ್ದರೂ ನಂಬಿಕೆಗೆ ಅರ್ಹವಲ್ಲವೆಂಬುದನ್ನು 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಬಂದ ಮಹಾಪೂರ ತೋರಿಸಿಕೊಟ್ಟಿತು. ಕುರುವಪುರವು ಭೀಮೆ ಕೃಷ್ಣೆಯನ್ನು ಕೂಡಿದ ನಂತರದ ಹರಿವಿನಲ್ಲಿರುವುದರಿಂದ ಅಲ್ಲಿಗೆ ಹೋಗುವವರು ನಾರಾಯಣಪುರದ ಅಂಕಿಯೊಂದನ್ನೇ ನೋಡಿ ಸುಮ್ಮನಾಗುವಂತಿಲ್ಲ. ನವೆಂಬರ್‌ನಿಂದ ಜನವರಿಯವರೆಗಿನ ಕಾಲವೇ ಉತ್ತಮ. ಮಾರ್ಚ್‌ನ ನಂತರ ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಮಧ್ಯಾಹ್ನದ ಸವಾರಿ ದೇಹಕ್ಕೂ ಟೈರಿಗೂ ಒಳ್ಳೆಯದಲ್ಲ.

ದಾರಿಯ ವಿಷಯದಲ್ಲಿ ಮೊದಲ ತೊಂದರೆ ಮನೆಯ ಹತ್ತಿರವೇ ಇರುತ್ತದೆ. ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಸಾಗುವ ಲಾರಿಗಳ ಸಾಲಿನಲ್ಲಿ ಏಳುವ ಕೆಂಪು ದೂಳು ಬೈಕಿನ ಏರ್‌ಫಿಲ್ಟರನ್ನು ಬೇಗ ಕಟ್ಟಿಬಿಡುತ್ತದೆ, ಚೈನಿನ ಎಣ್ಣೆಗೆ ಮೆತ್ತಿಕೊಂಡು ಅದನ್ನು ಉಜ್ಜುಕಾಗದದಂತೆ ಸವೆಸುತ್ತದೆ, ಮಳೆ ಹನಿದರಂತೂ ರಸ್ತೆಯ ಮೇಲೆ ನುಣುಪಾದ ಕೆಸರಾಗಿ ಹಬ್ಬುತ್ತದೆ. ಆದ್ದರಿಂದ ಈ ಭಾಗದ ಸವಾರರು ಏರ್‌ಫಿಲ್ಟರು ಮತ್ತು ಚೈನಿನ ಕೆಲಸವನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯದೆ ಹೊರಡುವ ಮುನ್ನವೇ ಮಾಡಿಸಿಕೊಳ್ಳುವುದು ರೂಢಿ. ಹೊಸಪೇಟೆಯ ನಂತರ ಎರಡು ಹಾದಿಗಳಿವೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಅಣೆಕಟ್ಟಿನ ಕೆಳಗೆ ನದಿ ದಾಟಿ ಕುಷ್ಟಗಿ, ತಾವರಗೇರಾ, ಮುದಗಲ್ಲಿನ ಮೂಲಕ ಲಿಂಗಸುಗೂರು ಸೇರುವುದು ಒಂದು. ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿಯ ಮೂಲಕ ಹೋಗುವುದು ಇನ್ನೊಂದು. ಎರಡನೆಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನಾಟಿಯ ಕಾಲದಲ್ಲಿ ಗದ್ದೆಯಿಂದ ಮೇಲೆ ಬರುವ ಟ್ರ್ಯಾಕ್ಟರುಗಳು ರಸ್ತೆಗೆ ಉದುರಿಸಿದ ಕೆಸರಿನ ಹೆಂಟೆಗಳು ಕತ್ತಲಲ್ಲಿ ಕಾಣುವುದಿಲ್ಲವಾದ್ದರಿಂದ ಅಲ್ಲಿ ಸಂಜೆಯಾದ ಮೇಲೆ ಓಡಿಸದಿರುವುದೇ ಲೇಸು. ಆದರೂ ಮೊದಲ ಸಲ ಹೋಗುವವರಿಗೆ ಈ ಹಾದಿಯನ್ನೇ ಹೇಳಬೇಕೆನಿಸುತ್ತದೆ, ಏಕೆಂದರೆ 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಬಂಡೆಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಓದಲು ಸಿಕ್ಕಿತು, ಅದನ್ನು ಕಾಣದೆ ಆ ಊರನ್ನು ಹಾದುಹೋಗುವುದು ತರವಲ್ಲ.

ಯಾವ ಬೈಕು ಎಂಬ ಪ್ರಶ್ನೆಗೆ ಈ ಪ್ರವಾಸದ ಮಟ್ಟಿಗೆ ಉತ್ತರ ಹಗುರವಾದದ್ದು ಎಂದೇ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೊ ತೂಗಿದರೆ ಹೀರೊ ಸ್ಪ್ಲೆಂಡರ್ 110 ಕಿಲೊ ಆಸುಪಾಸಿನಲ್ಲಿದೆ. ಹೆದ್ದಾರಿಯಲ್ಲಿ ಮೊದಲಿನದರ ಸುಖ ಹೆಚ್ಚಾದರೂ ದಂಡೆಯ ಮರಳಿನಲ್ಲಿ ಹೂತಾಗ ಇಬ್ಬರು ಎತ್ತಿ ಹೊರತೆಗೆಯಬಲ್ಲದ್ದು, ಗಡ್ಡಿಯ ದಾರಿಯಲ್ಲಿ ಕೆಟ್ಟುನಿಂತಾಗ ಹಳ್ಳಿಯ ಮೆಕ್ಯಾನಿಕ್ಕಿನ ಬಳಿ ಬಿಡಿಭಾಗ ಸಿಗುವುದು ಎರಡನೆಯದಕ್ಕೇ. ಪೆಟ್ರೋಲನ್ನು ಲಿಂಗಸುಗೂರಿನಲ್ಲಿಯೇ ತುಂಬಿಸಿಕೊಳ್ಳಬೇಕು. ಪಂಕ್ಚರ್ ಸಾಮಾನು, ಒಂದು ಟ್ಯೂಬು, ಕ್ಲಚ್ ಕೇಬಲ್ಲು, ಕುಡಿಯುವ ನೀರು, ಇಬ್ಬರಿಗೂ ಹೆಲ್ಮೆಟ್ಟು, ಇದಕ್ಕಿಂತ ಹೆಚ್ಚಿನ ಹೊರೆ ಬೇಕಿಲ್ಲ.

ಹರಿಗೋಲಿನ ವಿಚಾರ ಪ್ರತ್ಯೇಕವಾಗಿ ಹೇಳಬೇಕಾದದ್ದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನ ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ದಾಟುವುದನ್ನೂ, ಒಳಗೆ ಬೆತ್ತ ಹೊರಗೆ ತೊಗಲು ಇರುವ ಅವು ಹದಿನೈದಿಪ್ಪತ್ತು ಮಂದಿಯನ್ನು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹೊರುವುದನ್ನೂ ದಾಖಲಿಸಿದ್ದಾನೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಕುದುರೆಯ ಜಾಗಕ್ಕೆ ಬೈಕು ಬಂದಿದೆ. ತಳವಾರಘಟ್ಟದಲ್ಲಿ ಸ್ಥಳೀಯರು ಬೈಕನ್ನು ಹರಿಗೋಲಿನ ನಡುವೆ ನಿಲ್ಲಿಸಿ ಸುತ್ತ ಜನ ಕುಳಿತು ದಾಟುತ್ತಿದ್ದುದು ಬಹುಕಾಲದ ನೋಟ. ಅದೇ ಘಟ್ಟದಲ್ಲಿ ಕಟ್ಟುತ್ತಿದ್ದ ತೂಗುಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಜೀವ ಹೋಯಿತು. ಈಗ ವಾಹನಗಳಿಗೆ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವಿನ ಎತ್ತರದ ಸೇತುವೆ ಇದೆ. ಸೇತುವೆ ಇರುವಾಗ ಬೈಕನ್ನು ಹರಿಗೋಲಿಗೆ ಏರಿಸುವುದಕ್ಕೆ ಫೋಟೊದ ಆಸೆಯ ಹೊರತು ಬೇರೆ ಕಾರಣ ಉಳಿಯುವುದಿಲ್ಲ, ಆ ಆಸೆಯ ಭಾರವನ್ನು ಹೊರುವವನು ಅಂಬಿಗ. ಬೈಕನ್ನು ದಂಡೆಯ ಊರಿನಲ್ಲಿ ನಿಲ್ಲಿಸಿ ಕಾಲ್ನಡಿಗೆಯಲ್ಲಿ ಗಡ್ಡಿಗೆ ಹೋಗುವುದೇ ಸರಿಯಾದ ಕ್ರಮವೆಂದು ಪ್ರಸ್ತುತ ಲೇಖಕ ದೃಢವಾಗಿ ಭಾವಿಸುತ್ತಾನೆ. ಅಂಬಿಗ “ಇವತ್ತ ಬ್ಯಾಡ್ರಿ, ಹೊಳಿ ಸುಮಾರೈತಿ” ಎಂದರೆ ಹೆಚ್ಚಿನ ಹಣ ಕೊಡುತ್ತೇವೆಂದು ಅವನ ಮನಸ್ಸು ತಿರುಗಿಸಲು ನೋಡುವುದು ಬಹಳ ದೊಡ್ಡ ಅಪರಾಧ, ಏಕೆಂದರೆ ಬಡವನೊಬ್ಬನು ತನಗೆ ಗೊತ್ತಿರುವ ಅಪಾಯಕ್ಕೆ ಬೆಲೆ ಕಟ್ಟುವಂತೆ ಅದು ಮಾಡುತ್ತದೆ.

ಗಡ್ಡಿಯ ಜನರಿಗೆ ದೋಣಿಯೂ ಸೇತುವೆಯೂ ನಿತ್ಯದ ಬದುಕು. ದೋಣಿಗೆ ಕಾಯುವ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದವರು, ತಾಲ್ಲೂಕು ಕಚೇರಿಗೆ ಹೊರಟವರು, ಬಾಣಂತಿ, ಶಾಲೆಯ ಮಕ್ಕಳು ಇರುವಾಗ ಪ್ರವಾಸಿ ಕೊನೆಯಲ್ಲಿ ನಿಲ್ಲಬೇಕು, ಆ ಕಾಯುವಿಕೆಗೆ ಯೋಜನೆಯಲ್ಲಿಯೇ ಹೊತ್ತು ಇಟ್ಟಿರಬೇಕು. ಇದೇ ಮಾತಿನ ಕಠಿಣ ರೂಪವನ್ನು 2019ರ ಆಗಸ್ಟ್ ಕಾಣಿಸಿತು. ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು, ಅವರಲ್ಲಿ ದೇಶವಿದೇಶದ ಪ್ರವಾಸಿಗರನ್ನು, ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ಹೊರತರಬೇಕಾಯಿತು, ರಕ್ಷಣೆಗೆ ಹೋದ ದೋಣಿಯೊಂದು ಮಗುಚಿ ಅದರಲ್ಲಿದ್ದ ಸಿಬ್ಬಂದಿಯನ್ನೇ ಕಾಪಾಡಬೇಕಾಯಿತು. ಅದೇ ವಾರ ಕೃಷ್ಣೆಯ ಹಳ್ಳಿಗಳೂ ನೀರಿನಲ್ಲಿದ್ದವು. ಉಳಿಯಬೇಕೆಂದು ಉಳಿದ ಪ್ರವಾಸಿಯೊಬ್ಬನಿಗೆ ಮೀಸಲಾದ ದೋಣಿ, ಮನೆ ಬಿಟ್ಟು ಹೋಗಲು ಬೇರೆ ಜಾಗವಿಲ್ಲದವರಿಗೆ ದೊರೆಯದ ದೋಣಿಯಾಗುತ್ತದೆ. ಮರುವರ್ಷ ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ ಆ ಗಡ್ಡೆಯ ರೆಸಾರ್ಟುಗಳನ್ನು ತೆರವುಗೊಳಿಸಲಾಯಿತು. ಹೊಳೆಯ ಪಕ್ಕದ ಸೂಚನಾಫಲಕ, ಪೊಲೀಸರು ಇಟ್ಟ ಬ್ಯಾರಿಕೇಡು, ಊರಿನ ಡಂಗುರ ಇವುಗಳಲ್ಲಿ ಯಾವುದೊಂದು ಕಂಡರೂ ಕೇಳಿದರೂ ಬೈಕು ತಿರುಗಿಸುವುದು ಚರ್ಚೆಗೆ ಎಡೆಯಿಲ್ಲದ ಕರ್ತವ್ಯ.

ಇಷ್ಟೆಲ್ಲ ಎಚ್ಚರದ ನಂತರ ಸಿಗುವ ಫಲ ಸಣ್ಣದಲ್ಲ. ಲಿಂಗಸುಗೂರಿನಿಂದ ಜಲದುರ್ಗಕ್ಕೆ ಇಳಿಯುವಾಗ ಎರೆಭೂಮಿ ಮುಗಿದು ಬಂಡೆಗಳ ಸೀಮೆ ಆರಂಭವಾಗುತ್ತದೆ, ಕೃಷ್ಣೆ ಆ ಬಂಡೆಗಳ ನಡುವೆ ಕವಲೊಡೆದು ಕೋಟೆಯನ್ನು ಬಳಸಿಕೊಂಡು ಹರಿಯುತ್ತಾಳೆ, ಹಿಂದಿನವರು ಕಂದಕ ತೋಡುವ ಕೆಲಸವನ್ನು ನದಿಗೇ ಏಕೆ ಬಿಟ್ಟರೆಂಬುದು ಬುರುಜಿನ ಮೇಲೆ ನಿಂತವರಿಗೆ ತಾನಾಗಿ ತಿಳಿಯುತ್ತದೆ. ಅಲ್ಲಿಗೆ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನದೊಳಗೆ ಲಿಂಗಸುಗೂರಿಗೆ ಮರಳಿದರೆ ಹಟ್ಟಿ, ಸಿರವಾರದ ಮೂಲಕ ಸಂಜೆಗೆ ರಾಯಚೂರು ಸೇರಬಹುದು. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರವನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಮೇಲು. ಆತ್ಕೂರಿನ ಕಡೆಯಿಂದ ಹೋಗುವವರು ಬೈಕನ್ನು ದಂಡೆಯಲ್ಲಿಯೇ ಬಿಟ್ಟು, ಮರಳುವ ದೋಣಿಯ ಹೊತ್ತನ್ನು ಹತ್ತುವ ಮುನ್ನವೇ ಕೇಳಿಕೊಂಡು, ಕತ್ತಲಿಗೆ ಮೊದಲೇ ಹಿಂದಿರುಗಬೇಕು. ಗುರುದ್ವಾದಶಿಯ ಸಮಯದಲ್ಲಿ ಭಕ್ತರ ದಟ್ಟಣೆ ಇರುವುದರಿಂದ ಬರೀ ನೋಡಲು ಹೋಗುವವರು ಆ ದಿನಗಳನ್ನು ಬಿಡುವುದು ಉಚಿತ.

ಯೋಜನೆಯಲ್ಲಿ ಒಂದು ದಿನವನ್ನಾದರೂ ಯಾವ ಊರಿಗೂ ಹಂಚದೆ ಖಾಲಿ ಇಡಬೇಕಾದ ಕಾರಣವೂ ಮರಳುವ ದಾರಿಯಲ್ಲಿಯೇ ಇದೆ. ಕೃಷ್ಣೆ ಇಳಿದಿರುವಾಗ ತುಂಗಭದ್ರೆ ಏರಿರಬಹುದು, ಎರಡರ ಜಲಾನಯನ ಪ್ರದೇಶಗಳೂ ಅಣೆಕಟ್ಟುಗಳೂ ಬೇರೆ ಬೇರೆ. ಆದ್ದರಿಂದ ರಾಯಚೂರು ಬಿಡುವ ಬೆಳಿಗ್ಗೆ ಹೊಸಪೇಟೆಯ ಹೊರಹರಿವನ್ನು ಮತ್ತೊಮ್ಮೆ ನೋಡಿ, ನೀರು ಕಡಿಮೆಯಿದ್ದರೆ ಮಾನ್ವಿ, ಸಿಂಧನೂರು, ಗಂಗಾವತಿ, ಕಂಪ್ಲಿಯ ಮೂಲಕ, ಕಂಪ್ಲಿ ಸೇತುವೆ ಮುಚ್ಚಿದ್ದರೆ ಗಂಗಾವತಿಯಿಂದ ಕಡೇಬಾಗಿಲು ಸೇತುವೆ ಹಿಡಿದು ಬುಕ್ಕಸಾಗರಕ್ಕೆ ದಾಟಿ, ಅಲ್ಲಿಯೂ ದಾರಿ ಬಿಡದಿದ್ದರೆ ಹೆದ್ದಾರಿ 50ರ ಸೇತುವೆಗೆ ಸುತ್ತಿಕೊಂಡು ಸಂಡೂರಿನ ಕಡೆಗೆ ಬರಬೇಕಾಗುತ್ತದೆ.