ವಸೂಲಿ ಪತ್ರ ಬಂದಾಗ ಬೆಳೆಗಾರರು ತಿಳಿದಿರಬೇಕಾದ ವಿಷಯಗಳು



ಅಡಿಕೆಗೆ ಕೊಳೆ ಬಿದ್ದ ವರ್ಷ, ಕಾಫಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಸುರಿದ ವರ್ಷ, ಸಾಲದ ಕಂತು ತಪ್ಪುವುದುಂಟು. ಕಂತು ತಪ್ಪಿದ ಮೇಲೆ ಪತ್ರಗಳು ಬರತೊಡಗುತ್ತವೆ. ಕೆಲವು ಬ್ಯಾಂಕಿನಿಂದ, ಕೆಲವು ವಸೂಲಿ ಏಜೆನ್ಸಿಗಳಿಂದ, ಕೆಲವು ವಕೀಲರಿಂದ. "ಅಂತಿಮ ಎಚ್ಚರಿಕೆ", "ಜಪ್ತಿ", "ಬಂಧನ" ಎಂಬ ಮಾತುಗಳು ದಪ್ಪ ಅಕ್ಷರದಲ್ಲಿರುತ್ತವೆ.

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಬರೀ ಬೆದರಿಕೆಯ ಕಾಗದಕ್ಕೆ ಅಂಜಿ ಇದ್ದ ಅಡಿಕೆಯನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವುದು ಒಂದು. ಬೆದರಿಕೆಗಳಿಂದ ಬೇಸತ್ತು, ನಿಜವಾಗಿ ಉತ್ತರಿಸಬೇಕಾದ ನೋಟೀಸನ್ನೂ ಒಡೆಯದೆ ಬದಿಗಿಡುವುದು ಇನ್ನೊಂದು. ತೋಟ ಕಳೆದುಕೊಳ್ಳುವ ಅಪಾಯ ಇರುವುದು ಈ ಎರಡನೆಯದರಲ್ಲಿ. ಆದುದರಿಂದ ಪತ್ರದ ಭಾಷೆಯನ್ನು ನೋಡಬೇಡಿ. ಕಳುಹಿಸಿದವರು ಯಾರು, ಯಾವ ಕಾನೂನಿನ ಪ್ರಕಾರ, ಎಷ್ಟು ದಿನಗಳ ವಾಯಿದೆ ಎಂಬ ಮೂರನ್ನು ನೋಡಿ.

1. ವಸೂಲಿ ಏಜೆಂಟರ ಪತ್ರ

ಏಜೆಂಟನು ಹಣ ಕೇಳಬಹುದು, ಅಷ್ಟೆ. ಮನೆಗೆ ನುಗ್ಗುವ, ತೋಟ ಜಪ್ತಿ ಮಾಡುವ, ಬಂಧಿಸುವ ಅಧಿಕಾರ ಅವನಿಗಿಲ್ಲ. ಸಾಲದಲ್ಲಿ ಕೊಂಡ ಜೀಪು, ಟ್ರ್ಯಾಕ್ಟರುಗಳ ವಿಷಯ ತುಸು ಬೇರೆ. ಕರಾರಿನಲ್ಲಿ ಷರತ್ತಿದ್ದರೆ ಅವನ್ನು ಹಿಂದಕ್ಕೆ ಪಡೆಯಬಹುದು, ಆದರೆ ಬಲಪ್ರಯೋಗ ಸಲ್ಲದು. ಸಾಲಗಾರನನ್ನು ಹತ್ತು ಜನರೆದುರು ಅವಮಾನಿಸಬಾರದು, ಅವನ ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡಬಾರದು, ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಆದೇಶಿಸಿತು. ಕಿರುಸಾಲದ ವಸೂಲಿಯಲ್ಲಿ ಹಿಂಸೆ ಕೊಡುವವರಿಗೆ 10 ವರ್ಷಗಳವರೆಗೆ ಸೆರೆವಾಸ, ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದಾದ ಸುಗ್ರೀವಾಜ್ಞೆಯನ್ನು ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಹೊರಡಿಸಿತು.

ಇನ್ನು "ಬಂಧನ"ದ ಮಾತು. ಕೈಯಲ್ಲಿ ಹಣವಿಲ್ಲದೆ ಸಾಲ ತೀರಿಸಲಾಗದವನನ್ನು ಆ ಒಂದೇ ಕಾರಣಕ್ಕೆ ಸಿವಿಲ್ ಸೆರೆಗೆ ಹಾಕಲಾಗದು ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1980ರಲ್ಲೇ ತೀರ್ಪಿತ್ತಿದ್ದಾರೆ. ಶಕ್ತಿಯಿದ್ದೂ ಕೊಡದೆ ವಂಚಿಸುವವನ ಮಾತು ಬೇರೆ.

2. ಚೆಕ್ಕಿನ ಬಗ್ಗೆ ವಕೀಲರ ನೋಟೀಸು

ಇದನ್ನು ಹಗುರವಾಗಿ ಕಾಣಬಾರದು. ಸಾಲ ಪಡೆಯುವಾಗ ಸಹಿ ಮಾಡಿ ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸ್ಸಾದರೆ ಕ್ರಿಮಿನಲ್ ಮೊಕದ್ದಮೆ ಆಗಬಹುದು. 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಚೆಕ್ಕಿನ ಎರಡರಷ್ಟು ದಂಡ, ಇಲ್ಲವೆ ಎರಡೂ ಸಾಧ್ಯ. ನೋಟೀಸು ಕೈಸೇರಿದ ಮೇಲೆ ಹಣ ಕಟ್ಟಲು 15 ದಿನಗಳ ಅವಕಾಶವಿದೆ. ಲಕೋಟೆ ಬೇಡವೆಂದು ಅಂಚೆಯವರಿಗೆ ಹಿಂದಿರುಗಿಸಿದರೆ ಪಾರಾದಂತಲ್ಲ. ಅದು ಮುಟ್ಟಿದಂತೆಯೇ ಲೆಕ್ಕ.

3. ನ್ಯಾಯಾಲಯದ ಸಮನ್ಸು

ಇದರಲ್ಲಿ ಕೋರ್ಟಿನ ಮೊಹರು, ದಾವೆಯ ನಂಬರು, ಹಾಜರಾಗಬೇಕಾದ ದಿನಾಂಕ ಇರುತ್ತವೆ. ಸಾಮಾನ್ಯ ದಾವೆಯಲ್ಲಿ ಲಿಖಿತ ಉತ್ತರ ಕೊಡಲು 30 ದಿನಗಳಿವೆ. ನ್ಯಾಯಾಲಯ ಒಪ್ಪಿದರೆ 90 ದಿನಗಳವರೆಗೆ ಸಿಗಬಹುದು. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಆಗ ಬಡ್ಡಿಯ ಲೆಕ್ಕ ತಪ್ಪಿದ್ದರೂ ಸರಿಪಡಿಸುವುದು ಕಷ್ಟ. ಸಹಕಾರ ಸಂಘಗಳ ಬಾಕಿಗೆ 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಂ ಪ್ರಕಾರ ಬರುವ ನೋಟೀಸಿಗೂ ಇದೇ ಗಾಂಭೀರ್ಯವಿದೆ. ಲೋಕ ಅದಾಲತ್ತಿನ ನೋಟೀಸು ಮಾತ್ರ ರಾಜಿಗೆ ಕರೆಯುವಂಥದು. ಅಲ್ಲಿ ನಿಮ್ಮ ಒಪ್ಪಿಗೆಯಿಲ್ಲದೆ ಏನೂ ತೀರ್ಮಾನವಾಗದು. ಹೋಗಿ ಮಾತಾಡುವುದರಿಂದ ಲಾಭವೇ ಹೆಚ್ಚು.

4. ತೋಟ ಅಡವಿದ್ದಾಗ ಬ್ಯಾಂಕಿನ ನೋಟೀಸು

2002ರ ಸರ್ಫೇಸಿ ಕಾಯಿದೆಯ 13ನೇ ಕಲಂ ಎಂದು ಬರೆದಿದ್ದರೆ ಅದೇ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಬಾಕಿ ತೀರಿಸಲು 60 ದಿನಗಳ ವಾಯಿದೆ ಇರುತ್ತದೆ. ನಿಮ್ಮ ಆಕ್ಷೇಪಣೆಯನ್ನು ಬರೆದು ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರಿಸಬೇಕು. ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡರೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ ಮಾತ್ರ.

ಕೃಷಿ ಭೂಮಿಯ ಅಡವಿಗೆ ಈ ಕಾಯಿದೆ ಅನ್ವಯಿಸದೆಂದು 31ನೇ ಕಲಂ ಹೇಳುತ್ತದೆ ನಿಜ. ಆದರೆ ಕಾಫಿ ತೋಟಕ್ಕೆ ಈ ರಕ್ಷಣೆ ಉಂಟೇ ಎಂಬುದರ ಮೇಲೆ ವ್ಯಾಜ್ಯಗಳು ನಡೆದಿವೆ. ಕಂದಾಯ ದಾಖಲೆಯಲ್ಲಿ ಕೃಷಿ ಎಂದಿದ್ದ ಮಾತ್ರಕ್ಕೆ ಸಾಲದು, ಭೂಮಿಯ ನಿಜವಾದ ಬಳಕೆಯನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆದುದರಿಂದ "ನಮ್ಮದು ತೋಟ, ಯಾರೂ ಮುಟ್ಟಲಾರರು" ಎಂದು ಸುಮ್ಮನೆ ಕೂರಬಾರದು.

5. ಹಳೆಯ ಸಾಲ, ಹೊಸ ಸಹಿ

ಅಡವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ, ಭೂಮಿ ಅಡವಿನ ಸಾಲಕ್ಕೆ 12 ವರ್ಷಗಳ ಕಾಲಮಿತಿಯಿದೆ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಅವಧಿ ಮೀರಿದ ಸಾಲವನ್ನೂ ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಆ ಮಾತು ಕಟ್ಟುತ್ತದೆ. ಜಗುಲಿಯಲ್ಲಿ ಕೂತು ಏಜೆಂಟನು ಚಾಚಿದ ಕಾಗದಕ್ಕೆ ಓದದೆ ಸಹಿ ಮಾಡಬೇಡಿ.

6. ಕೂಡಲೇ ಮಾಡಬೇಕಾದ ಕೆಲಸಗಳು

(ಅ) ಪತ್ರ ಬಂದ ದಿನಾಂಕವನ್ನು ಅದರ ಮೇಲೆ ಬರೆದು, ಲಕೋಟೆ ಸಹಿತ ಒಂದು ಕಡತದಲ್ಲಿಡಿ.
(ಆ) ಏಜೆಂಟನಿಗೆ ನಗದು ಕೊಡಬೇಡಿ. ನೇರವಾಗಿ ಸಾಲದ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ.
(ಇ) ಅಸಲು, ಬಡ್ಡಿ, ದಂಡಬಡ್ಡಿ ಬೇರೆಬೇರೆಯಾಗಿ ತೋರಿಸಿದ ಲೆಕ್ಕವನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಿ.
(ಈ) ಕಿರುಕುಳವಾದರೆ ದಿನ, ಹೊತ್ತು, ಆಡಿದ ಮಾತು ಬರೆದಿಟ್ಟು ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡಿ.
(ಉ) ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100.

ಪಡೆದ ಸಾಲವನ್ನು ತೀರಿಸಬಾರದೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಕೊಡಬೇಕಾದ್ದನ್ನು ಕೊಡಲೇಬೇಕು, ಆದರೆ ಸರಿಯಾದ ಲೆಕ್ಕಕ್ಕೆ, ಸರಿಯಾದವರಿಗೆ. ಕಂತು ತಪ್ಪುವುದೆಂದು ತಿಳಿದ ಕೂಡಲೇ ಬ್ಯಾಂಕಿಗೆ ಹೋಗಿ ವಾಯಿದೆ ಕೇಳುವುದು ಎಲ್ಲಕ್ಕಿಂತ ಉತ್ತಮ. ಮನೆಯಲ್ಲಿ ಒಡೆಯದ ಲಕೋಟೆ ಇದ್ದರೆ ದಯವಿಟ್ಟು ಇಂದೇ ಒಡೆದು ಓದಿ.