ಹೊಸ ಸರ್, ಹೊಸ ಮೇಡಂ: ಮೊದಲ ವರ್ಷ ಕೈಹಿಡಿಯುವ ಬಗೆ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟ ಬೆಳಗಿನ ಬಸ್ಸು ಮಹಾಗಾಂವ ಕ್ರಾಸ್‌ನಲ್ಲಿ ನಿಂತಾಗ ಇಳಿಯುವವರಲ್ಲಿ ಶಿಕ್ಷಕರು ಇದ್ದೇ ಇರುತ್ತಾರೆ. ಕೆಲವರಿಗೆ ಅದು ಮೊದಲ ಶಾಲೆ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ನೇಮಕಾತಿ ನಡೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕದ್ದೇ ಆಗಿದ್ದವು. ಪ್ರತಿ ಜೂನ್‌ನಲ್ಲಿ ಅತಿಥಿ ಶಿಕ್ಷಕರೂ ಬರುತ್ತಾರೆ. ಇವರೆಲ್ಲ ಪಾಠಯೋಜನೆ ಬರೆಯಲು ಕಲಿತು ಬಂದವರು. ಆದರೆ ಪಾಠದ ನಡುವೆ ಮಗುವೊಂದು ಬಿಕ್ಕಿ ಅತ್ತರೆ ಏನು ಮಾಡಬೇಕು, ತಮ್ಮ ಮನಸ್ಸೇ ಕುಸಿದ ದಿನ ಯಾರಿಗೆ ಹೇಳಬೇಕು ಎಂಬುದನ್ನು ಇವರಿಗೆ ಹೇಳಿಕೊಟ್ಟವರು ಕಡಿಮೆ.

ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಕ್ಯಾಸೆಲ್ ಸಂಸ್ಥೆ ಸಾಮಾಜಿಕ–ಭಾವನಾತ್ಮಕ ಕಲಿಕೆಯನ್ನು ಐದು ಕೌಶಲಗಳಾಗಿ ವಿಂಗಡಿಸಿದೆ: ತನ್ನ ಭಾವನೆ ಗುರುತಿಸುವುದು, ಅದನ್ನು ಹತೋಟಿಯಲ್ಲಿಡುವುದು, ಇತರರ ನೋವು ಅರಿಯುವುದು, ಸಂಬಂಧ ಉಳಿಸಿಕೊಳ್ಳುವುದು, ಯೋಚಿಸಿ ನಿರ್ಧರಿಸುವುದು. ಮಕ್ಕಳು ಇವನ್ನು ಪುಸ್ತಕದಿಂದ ಕಲಿಯುವುದು ಸ್ವಲ್ಪ. ಎದುರಿಗೆ ನಿಂತ ಶಿಕ್ಷಕರನ್ನು ನೋಡಿ ಕಲಿಯುವುದೇ ಹೆಚ್ಚು. ಆದ್ದರಿಂದ ಹೊಸಬರ ಮನಸ್ಸನ್ನು ಕಾಯುವುದೇ ಈ ಕಲಿಕೆಯ ಮೊದಲ ಪಾಠ. ಮುಖ್ಯ ಗುರುಗಳು ಮತ್ತು ಹಿರಿಯ ಸಹೋದ್ಯೋಗಿಗಳು ಅದನ್ನು ಹಂತ ಹಂತವಾಗಿ ಹೀಗೆ ಮಾಡಬಹುದು.

1. ಮೊದಲ ವಾರ: ಊರು ತೋರಿಸಿ

ರಿಜಿಸ್ಟರ್ ಕೈಗಿಡುವ ಮೊದಲು ಹೊಸಬರನ್ನು ಓಣಿಗೆ, ತಾಂಡಾಕ್ಕೆ ಕರೆದೊಯ್ಯಿರಿ. ಮಹಾಗಾಂವ ಇರುವ ಕಮಲಾಪುರ ತಾಲ್ಲೂಕಿನ ಶಾಲೆಗಳಲ್ಲಿ ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಮಾತಾಡುವ ಮಕ್ಕಳೂ ಇದ್ದಾರೆ. ತಾಯಿಯನ್ನು ‘ಯಾಡಿ’ ಎಂದು ಕರೆಯುವ ಮಗು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ ಅದು ದಡ್ಡತನವಲ್ಲ ಎಂದು ಹೊಸಬರಿಗೆ ಗೊತ್ತಾಗುವುದು ಆ ಮನೆಯ ಅಂಗಳದಲ್ಲಿ. ಎಸ್‌ಡಿಎಂಸಿ ಸದಸ್ಯರ ಪರಿಚಯವನ್ನೂ ಅದೇ ವಾರ ಮಾಡಿಸಿ.

2. ಒಬ್ಬ ಹಿರಿಯರನ್ನು ಜೊತೆಗೆ ಕೊಡಿ

ಹೊಸಬರು ವರ್ಷವಿಡೀ ಅಳುಕದೆ ಕೇಳಬಹುದಾದ ಒಬ್ಬರು ಶಾಲೆಯಲ್ಲಿರಲಿ. ಅವರು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ತರಗತಿಯ ಹಿಂದೆ ಕುಳಿತು ನೋಡಲಿ. ಆಮೇಲೆ ಚೆನ್ನಾಗಿದ್ದ ಎರಡು ಸಂಗತಿ ಹೇಳಿ ಒಂದು ಪ್ರಶ್ನೆ ಕೇಳಲಿ, ಅಷ್ಟು ಸಾಕು. ಇದನ್ನು ಯಾವ ವರದಿಗೂ ಸೇರಿಸಬೇಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಕೂಡಿ ಕಲಿಯುವ ನಲಿ–ಕಲಿಗೆ ಹೊಸಬರನ್ನು ಹಾಕುವುದಾದರೆ, ಮೊದಲು ನಾಲ್ಕು ದಿನ ಹಿರಿಯರ ತರಗತಿಯಲ್ಲಿ ಕೂರಿಸಿ. ಕಲಿಕಾ ಏಣಿ ನಡೆಯುವ ರೀತಿ ಕಣ್ಣಾರೆ ಕಂಡರೆ ಅರ್ಧ ಭಯ ಹೋಗುತ್ತದೆ.

3. ಕೆಲಸವನ್ನು ಹಂಚಿ

“ನೀವು ಹೊಸಬರು, ಕಂಪ್ಯೂಟರ್ ಬರ್ತದ ನಿಮಗ” ಎಂದು ಸ್ಯಾಟ್ಸ್ ನಮೂದು, ಬಿಸಿಯೂಟದ ಲೆಕ್ಕ, ಮೊಟ್ಟೆ ಹಂಚಿಕೆಯ ದಾಖಲೆ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಎಷ್ಟೋ ಕಡೆ ರೂಢಿ. ಇದು ಬೇಡ. ಮೊದಲ ಮೂರು ತಿಂಗಳು ಪಾಠದ ಜೊತೆ ಒಂದೇ ಹೊಣೆ ಕೊಡಿ. ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ಆಫೀಸಿನ ಗೋಡೆಗೆ ಅಂಟಿಸಿ.

4. ಬೆಳಿಗ್ಗೆ ಹತ್ತು ನಿಮಿಷ: ಕಾಳಿನ ಬಟ್ಟಲು

ತರಗತಿಯ ಬಾಗಿಲ ಬಳಿ ಮೂರು ಬಟ್ಟಲು ಇಡಿ: ಖುಷಿ, ಸಾದಾ, ಬೇಸರ. ಪಕ್ಕದಲ್ಲೊಂದು ಡಬ್ಬಿಯಲ್ಲಿ ತೊಗರಿ ಕಾಳಿರಲಿ. “ಇವತ್ತ ಮನಸ್ ಹ್ಯಾಂಗದ?” ಎಂದು ಕೇಳಿದರೆ ಒಳಬರುವ ಪ್ರತಿ ಮಗು ಒಂದು ಕಾಳು ಹಾಕಲಿ, ಶಿಕ್ಷಕರೂ ಒಂದು ಹಾಕಲಿ. ಬೇಸರದ ಬಟ್ಟಲಿಗೆ ಯಾರು ಹಾಕಿದರೆಂದು ಎಲ್ಲರೆದುರು ಕೇಳಬೇಡಿ, ಗಮನವಿಟ್ಟು ನೋಡಿದರೆ ಸಾಕು. ಬಿಡುವಿನಲ್ಲಿ ಆ ಮಗುವಿನ ಪಕ್ಕ ಕುಳಿತು, “ಊಟ ಆಯ್ತೇನು?” ಎಂದು ಶುರು ಮಾಡಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಮೇಡಂ ಬೇಸರದ ಬಟ್ಟಲಿಗೆ ಕಾಳು ಹಾಕಿದ ದಿನ, ದೊಡ್ಡವರಿಗೂ ಬೇಸರವಾಗುತ್ತದೆ, ಅದನ್ನು ಹೇಳಬಹುದು ಎಂದು ಮಕ್ಕಳು ಕಲಿಯುತ್ತಾರೆ.

5. ಸಿಟ್ಟು ಬಂದಾಗ ಮೊದಲು ಉಸಿರು

ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹೊಡೆಯಬೇಡಿ ಎಂದರಷ್ಟೇ ಸಾಲದು, ಬದಲಿಗೆ ಏನು ಮಾಡಬೇಕೆಂದೂ ಕಲಿಸಬೇಕು. ಗದ್ದಲ ಮಿತಿಮೀರಿದಾಗ ಶಿಕ್ಷಕರು ಸುಮ್ಮನೆ ನಿಂತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಬಿಡಲಿ. ಐದು ಸಲ ಹೀಗೆ ಮಾಡಿ ಆಮೇಲೆ ಮಾತಾಡಲಿ. ಕೆಲವು ದಿನಗಳಲ್ಲಿ ಮಕ್ಕಳೂ ಜೊತೆಗೂಡುತ್ತಾರೆ.

6. ಗುಳೆಯ ದಿನಗಳಿಗೆ ಸಿದ್ಧಗೊಳಿಸಿ

ದಸರೆಯ ಬಳಿಕ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆಂದು ಪುಣೆ, ಮುಂಬೈ, ಹೈದರಾಬಾದ್ ಕಡೆ ಗುಳೆ ಹೋಗುವ ಕುಟುಂಬಗಳಿವೆ. ಡಿಸೆಂಬರ್–ಜನವರಿಯ ತೊಗರಿ ರಾಶಿಗೂ ಕೆಲವು ಮಕ್ಕಳು ಹೊಲದಲ್ಲಿರುತ್ತಾರೆ. ಖಾಲಿ ಬೆಂಚು ಕಂಡು ‘ನನ್ನ ಪಾಠ ಸರಿಯಿಲ್ಲ’ ಎಂದು ಹೊಸಬರು ನೊಂದುಕೊಳ್ಳುತ್ತಾರೆ. ಕಾರಣ ಬೇರೆ ಎಂದು ಮೊದಲೇ ತಿಳಿಸಿ. ಎರಡು ದಿನದಿಂದ ಪಾಟಿ ಹೊರತೆಗೆಯದ ಹುಡುಗನ ಅಪ್ಪ–ಅವ್ವ ಆ ವಾರವಷ್ಟೇ ಅವನನ್ನು ಅಜ್ಜಿಯ ಬಳಿ ಬಿಟ್ಟು ಹೋಗಿರಬಹುದು. ಮನೆಗೆ ಹೋಗಿ ಬರುವಾಗ ಹೊಸಬರೊಂದಿಗೆ ಹಿರಿಯರೂ ಹೋಗಲಿ.

7. ಶನಿವಾರದ ಅರ್ಧ ಗಂಟೆ

ಅರ್ಧ ದಿನದ ಶಾಲೆ ಮುಗಿದ ಮೇಲೆ ಎಲ್ಲರೂ ಚಹಾ ಹಿಡಿದು ಕೂಡಿ ಕೂರಿ. ಈ ವಾರ ಏನು ಖುಷಿ ಕೊಟ್ಟಿತು, ಏನು ಭಾರವಾಯಿತು ಎಂದು ಪ್ರತಿಯೊಬ್ಬರೂ ಹೇಳಲಿ. ಮುಖ್ಯ ಗುರುಗಳೇ ಮೊದಲು ಹೇಳಲಿ. ಶಾಲೆಯಲ್ಲಿ ಬಗೆಹರಿಯದ್ದನ್ನು ಸಿಆರ್‌ಪಿಗೆ ತಿಳಿಸಿ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲೆಯ ಡಯಟ್ ಇರುವುದೂ ಕಮಲಾಪುರದಲ್ಲೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಅದರಲ್ಲಿ ಕೆಲವು ಗಂಟೆ ಶಿಕ್ಷಕರ ಮನಸ್ಸಿನ ಆರೋಗ್ಯಕ್ಕೆ ಮೀಸಲಿಡಿ ಎಂದು ಡಯಟ್‌ನವರನ್ನು ಕೇಳಿ.

ಹೊಸ ಶಿಕ್ಷಕರಿಗೆ

• ಮನೆಗೆ ಹೋದ ಮೇಲೆ ಶಾಲೆಯ ವಾಟ್ಸ್‌ಆ್ಯಪ್ ಗುಂಪು ಎಷ್ಟು ಗಂಟೆಯವರೆಗೆ ನೋಡುವಿರಿ ಎಂದು ನಿಗದಿ ಮಾಡಿಕೊಳ್ಳಿ.
• ಮಧ್ಯಾಹ್ನದ ಊಟ ಬಿಡಬೇಡಿ, ಮಕ್ಕಳ ಜೊತೆ ಕುಳಿತು ಉಣ್ಣಿ.
• ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಶಾಲೆಗೆ ಹೊರಡುವಾಗ ಎದೆ ಹೊಡೆದುಕೊಂಡರೆ ವೈದ್ಯರನ್ನು ಕಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು–ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.
• ಮಗು ಅಪಾಯದಲ್ಲಿದೆ ಎನಿಸಿದರೆ ಮುಖ್ಯ ಗುರುಗಳಿಗೆ ತಿಳಿಸಿ, 1098ಕ್ಕೆ ಕರೆ ಮಾಡಿ.

ಏಪ್ರಿಲ್‌ನ ಬಿಸಿಲಿಗೆ ಶಾಲೆ ಮುಚ್ಚುವ ಮೊದಲು ಹೊಸಬರನ್ನು ಒಂದು ಮಾತು ಕೇಳಿ: “ಈ ವರ್ಷ ನಿಮಗ ಯಾವುದು ಕಡಿಮೆ ಬಿತ್ತು?” ಉತ್ತರವನ್ನು ಬರೆದಿಡಿ. ಜೂನ್‌ನಲ್ಲಿ ಮತ್ತೊಬ್ಬ ಹೊಸಬರು ಮಹಾಗಾಂವ ಕ್ರಾಸ್‌ನಲ್ಲಿ ಇಳಿದಾಗ ಅವರಿಗೆ ಓಣಿ, ತಾಂಡಾ ತೋರಿಸುವ ಕೆಲಸವನ್ನು ಇವರಿಗೇ ಒಪ್ಪಿಸಿ.