ಎಣ್ಣೆ ಹಡಗೂ ಗುಮಾಸ್ತರ ಲೆಕ್ಕವೂ

ಚೆನ್ನೈ ಬಂದರಿನ ಭಾರತಿ ಡಾಕಿನಲ್ಲಿ ಹಡಗಿನಿಂದ ಇಳಿಯುವ ಕಚ್ಚಾ ಎಣ್ಣೆಯು ಕೊಳವೆಯ ಮೂಲಕ ಮಣಲಿಯ ಶುದ್ಧೀಕರಣ ಕಾರ್ಖಾನೆಗೆ ಹರಿಯುತ್ತದೆ. ಜಗತ್ತಿನ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಕೆಟ್ಟರೆ ಈ ಎಣ್ಣೆ ನಿಂತೀತೇ ಎಂದು ವಾಚನಾಲಯದ ಮಿತ್ರರೊಬ್ಬರು ಕೇಳಿದರು. ಮೊದಲು ಪಂಪು ನಿಲ್ಲುವುದೆಂದೇ ನಾವು ಎಣಿಸಿದ್ದೆವು. ನಡೆದ ಸಂಗತಿಗಳನ್ನು ಓದಿ ನೋಡಿದರೆ ಹಾಗಿಲ್ಲ.

2012ರ ಆಗಸ್ಟ್ 15ರಂದು ಸೌದಿ ಅರೇಬಿಯದ ಅರಾಮ್ಕೊ ಕಂಪೆನಿಯ ಸುಮಾರು 30,000 ಕಂಪ್ಯೂಟರುಗಳನ್ನು ‘ಶಮೂನ್’ ಎಂಬ ವೈರಸ್ಸು ಹಾಳುಮಾಡಿತು. ಬಾವಿಗಳನ್ನು ನಡೆಸುವ ಜಾಲ ಬೇರೆಯಿದ್ದುದರಿಂದ ಎಣ್ಣೆ ತೆಗೆಯುವ ಕೆಲಸ ನಿಲ್ಲಲಿಲ್ಲ. ನಿಂತದ್ದು ನಮ್ಮಂಥ ಗುಮಾಸ್ತರ ಕೆಲಸ! ಲೆಕ್ಕ ಬರೆಯಲಾಗದೆ ಎಣ್ಣೆಗೆ ಬಂದ ಲಾರಿಗಳು ಬರಿದೇ ಮರಳಿದವೆಂದೂ, ಕಚೇರಿಯವರು ಟೈಪ್‌ರೈಟರು, ಫ್ಯಾಕ್ಸುಗಳಿಗೆ ಮೊರೆಹೊಕ್ಕರೆಂದೂ ವರದಿಯಾಯಿತು.

2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಕಂಪೆನಿಯು ಸುಮಾರು 8,800 ಕಿಲೋಮೀಟರ್ ಉದ್ದದ ತನ್ನ ಕೊಳವೆಮಾರ್ಗವನ್ನು ತಾನೇ ಮುಚ್ಚಿತು. ದುಷ್ಕರ್ಮಿಗಳು ಹೊಕ್ಕದ್ದು ಕಚೇರಿಯ ಕಂಪ್ಯೂಟರುಗಳನ್ನು. ಕೊಳವೆಯ ಯಂತ್ರಗಳಿಗೂ ಹಬ್ಬೀತೆಂಬ ಭಯ ಕಂಪೆನಿಗೆ. ಐದು ದಿನಗಳಲ್ಲಿ ಎಷ್ಟೋ ಪೆಟ್ರೋಲ್ ಬಂಕುಗಳು ಬರಿದಾದವು. ಜನರ ಗಾಬರಿಯ ಖರೀದಿಯೂ ಇದಕ್ಕೆ ಕಾರಣವೆನ್ನಿ.

ನಮ್ಮ ದೇಶಕ್ಕೂ ಬಿಸಿ ತಟ್ಟಿದೆ. 2017ರ ಜೂನಿನಲ್ಲಿ ಮೇರ್ಸ್ಕ್ ಹಡಗು ಕಂಪೆನಿಯ ಕಂಪ್ಯೂಟರುಗಳು ಕೆಟ್ಟಾಗ ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿನ ಒಂದು ಕಟ್ಟೆಯಲ್ಲಿ ಪೆಟ್ಟಿಗೆ ಸರಕಿನ ಕೆಲಸ ಸ್ಥಗಿತವಾಯಿತು.

ಎಣ್ಣೆ ಹಡಗಿಗೂ ಇದೇ ಗತಿ ಬರಬಹುದು. ತೊಟ್ಟಿಯೊಳಗೆ ಟೇಪು ಇಳಿಸಿ ಎಣ್ಣೆಯನ್ನು ಅಳೆಯಬಹುದು. ಆದರೆ ಸುಂಕದ ಕಾಗದ, ಬ್ಯಾಂಕಿನ ಹಣ, ಸರಕಿನ ಒಡೆತನದ ಪತ್ರ ಇವು ಸಾಗದಿದ್ದರೆ ಇಳಿಸುವುದು ತಡವಾಗಬಹುದು. ಹಡಗು ಹೊರಸಮುದ್ರದಲ್ಲಿ ಲಂಗರು ಹಾಕಿ ಕಾಯಬೇಕಾದೀತು. ಅಲ್ಲಿಯ ತನಕ ಮಣಲಿಯ ತೊಟ್ಟಿಗಳಲ್ಲಿ ಇದ್ದಷ್ಟೇ ಎಣ್ಣೆ.